ಸಗಣಿ ಉಂಡೆಯಲ್ಲಿ ಹೋದ ಹಲ್ಲು

ತುಮಕೂರಿನ ಹಲ್ಲಿನ ಆಸ್ಪತ್ರೆಯೊಂದರಲ್ಲಿ ದವಡೆ ಹಿಡಿದುಕೊಂಡು ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ನಿಟ್ಟೂರಿನ ಗಂಡ ಹೆಂಡತಿ, ನಡುವೆ ಬಾಯಿಗೆ ಟವೆಲ್ ಒತ್ತಿಕೊಂಡ ಹನ್ನೆರಡು ವರ್ಷದ ಮಗಳು. ಸೈಕಲ್ಲಿಂದ ಬಿದ್ದು ಮುಂದಿನ ಹಲ್ಲು ಬುಡಸಮೇತ ಕಿತ್ತು ಬಂದಿತ್ತಂತೆ. "ಹಲ್ಲನ್ನ ಹಾಲಲ್ಲಿ ಹಾಕ್ಕೊಂಡು ತಕ್ಷಣ ಬಂದಿದ್ರೆ ಅದನ್ನೇ ಮತ್ತೆ ಕೂರಿಸಬಹುದಿತ್ತು" ಅಂತ ನರ್ಸಮ್ಮ ಹೇಳಿ ಹೋದದ್ದೇ ತಡ, ಹೆಂಡತಿ ಶುರು ಮಾಡಿದರು.

"ಕೇಳಿಸ್ತೇನ್ರೀ?"

"ಕೇಳಿಸ್ತು ಕಣೇ."

"ಹಲ್ಲೇನ್ ಮಾಡಿದ್ರಿ, ಇನ್ನೊಂದ್ ಸಲ ಹೇಳಿ."

"ಸಗಣಿ ಉಂಡೇಲಿಟ್ಟು ಹೆಂಚಿನ ಮೇಲೆ ಎಸೆದೆ. ನಮ್ಮನೇಲಿ ಎಲ್ರಿಗೂ ಹಂಗೇ ಮಾಡಿರೋದು."

"ಅದು ಹಾಲುಹಲ್ಲಿಗೆ! ಇವಳೇನು ಆರು ವರ್ಷದ ಮಗುವಾ?"

"ಹೊಸದು ಬರ್ತದೆ ಅಂದ್ಕೊಂಡೆ."

"ಬರ್ತದೆ, ನಿಮಗೆ ಬುದ್ಧಿ ಬಂದಂಗೆ. ಕೊಟ್ಟಿಗೇಲಿ ಎರಡು ಹಸ ಕಟ್ಕೊಂಡು, ಹಾಲು ಬಿಟ್ಟು ಸಗಣಿಗೆ ಕೈ ಹಾಕಿದ್ರಲ್ಲ!"

"ಈಗ್ಲೂ ಹೋಗಿ ಏಣಿ ಹಾಕಿ ಹುಡುಕ್ಲಾ?"

"ಹುಡುಕಿ? ಸಗಣಿ ಮೆತ್ತಿದ್ದನ್ನ ಮಗಳ ಬಾಯಿಗೆ ಇಡಿಸ್ತೀರಾ? ತೆಪ್ಪಗೆ ಕೂತ್ಕೊಳ್ಳಿ."

ಮಗಳು ಟವೆಲ್ ಸರಿಸಿ, "ಅಮ್ಮಾ, ಇನ್ಮೇಲೆ ನಾನು ಹಿಂಗೇ ಇರೋದಾ?" ಅಂದಳು.

ಅಷ್ಟರಲ್ಲಿ ಒಳಗಿಂದ "ರೂಪಶ್ರೀ" ಅಂತ ಕೂಗಿದರು. ತಾಯಿ ಮಗಳು ಎದ್ದರು. ಗಂಡ ಏಳಲಿಲ್ಲ.

"ನೀವು ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ."

"ಯಾಕೆ? ಬನ್ನಿ ಒಳಗೆ. ಹಲ್ಲೆಲ್ಲಿ ಅಂತ ಡಾಕ್ಟ್ರು ಕೇಳ್ತಾರೆ. ನಿಮ್ಮ ಬಾಯಲ್ಲೇ ಹೇಳಿ."

ಅವರು ಎದ್ದು, ತಲೆ ತಗ್ಗಿಸಿಕೊಂಡು ಹಿಂದೆ ಹೋದರು.