ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತವನು

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ, ‘ಓ, ಅವನು ಯಾರೋ ಬೇರೆಯವನು’ ಎಂದು ನೀವು ಆರಾಮವಾಗಿ ಕುಳಿತುಬಿಡುತ್ತೀರಿ. ಬೇಸಿಗೆ ಬಂತೆಂದರೆ ಅರವಟ್ಟಿಗೆ ಇಡಿಸುತ್ತಿದ್ದ. ದಾಸೋಹಕ್ಕೆ ಕೇಳುವ ಮೊದಲೇ ಗೋಧಿ ಕಳಿಸುತ್ತಿದ್ದ. ನಾಲ್ಕು ಜನರ ನಡುವೆ ಅವನಷ್ಟು ಮೆತ್ತಗೆ ಮಾತನಾಡುವವರೇ ಇರಲಿಲ್ಲ. ನೋಡಿ, ಹೊರಗೆ ಬೆಣ್ಣೆ. ಒಳಗೆ?

ಒಳಗಿನದು ಅವನ ಹೆಂಡತಿ ನೀಲಗಂಗವ್ವನಿಗೆ ಗೊತ್ತಿತ್ತು. ಮನೆಗೆ ಬರುವಾಗ ಅವನು ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದ. ದೊಡ್ಡ ಕೆಮ್ಮಲ್ಲ, ಒಂದು ಒಣ ಕೆಮ್ಮು. ಅಷ್ಟು ಕೇಳಿಸಿದರೆ ಸಾಕು, ಮಜ್ಜಿಗೆ ಕಡೆಯುವ ಕೈ ನಿಲ್ಲುತ್ತಿತ್ತು. ಬಾಯಲ್ಲಿದ್ದ ಹಾಡು ನಿಲ್ಲುತ್ತಿತ್ತು. ಇವತ್ತು ಯಾವ ತಪ್ಪು ಸಿಗುತ್ತದೋ ಎಂದು ಅವಳು ಗೋಡೆಗೆ ಆತು ನಿಲ್ಲುತ್ತಿದ್ದಳು. ತಪ್ಪು ಸಿಕ್ಕೇ ಸಿಗುತ್ತಿತ್ತು, ಹುಡುಕುವವನಿಗೆ ಸಿಗದೇ ಇರುತ್ತದೆಯೇ? ರೊಟ್ಟಿ ತುಸು ಸೀದಿತ್ತೆಂದು ಒಂದು ದಿನ ಅವಳ ಅಂಗೈಯನ್ನು ಕಾದ ಹಂಚಿನ ಮೇಲೆ ಒತ್ತಿ ಹಿಡಿದ. ಆ ಕೂಗು ಓಣಿಗೆಲ್ಲ ಕೇಳಿಸಿತು.

ಮರುದಿನ ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಕೈಗೆ ಸುತ್ತಿದ ಬಟ್ಟೆ ನೋಡಿದರು.

“ಏನಾತವಾ ಕೈಗೆ?”

“ಹಂಚು ತಾಗೇತ್ರಿ.”

“ಜ್ವಾಕಿ ಇರಬೇಕವಾ” ಎಂದು ಕೊಡ ಎತ್ತಿಕೊಂಡು ಹೋದರು. ಅವಳು ಹೇಳಿದ್ದು ಸುಳ್ಳು. ಅವರು ನಂಬಿದ್ದೂ ಸುಳ್ಳು. ಸಾಹುಕಾರರ ಮನೆಯ ಮಾತು, ನಮಗೇಕೆ?

ಹೀಗಿರುವಾಗ ಒಂದು ದಿನ ಆ ಸಾಹುಕಾರ ಉಣ್ಣುತ್ತ ಕುಳಿತಲ್ಲೇ ಎದೆ ಹಿಡಿದುಕೊಂಡು ಸತ್ತ. ಊರಿಗೆ ಊರೇ ಅತ್ತಿತು. ನೀಲಗಂಗವ್ವನಿಗೆ ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಅದಕ್ಕೂ ಜನ ಆಡಿಕೊಂಡರು. ಅವಳ ಸೋದರತ್ತೆ ಬಾಳವ್ವ ಬಂದು, “ನಡಿ ತಂಗಿ, ನಮ್ಮೂರಿಗೆ. ಇಲ್ಲಿ ನಿಂದೇನೂ ಉಳದಿಲ್ಲ” ಎಂದು ಕೈ ಹಿಡಿದು ಕರೆದುಕೊಂಡು ಹೋದಳು.

ಮುಗಿಯಿತಲ್ಲ? ಸತ್ತ, ಮಣ್ಣು ಮಾಡಿದರು, ಅವಳು ಊರು ಬಿಟ್ಟಳು. ಮುಗಿಯಬೇಕಿತ್ತು. ಮುಗಿಯಲಿಲ್ಲ ನೋಡಿ.

ಅತ್ತೆಯ ಮನೆಗೆ ಬಂದು ಕೆಲವು ದಿನಗಳಾಗಿದ್ದವು. ನಡು ಮಧ್ಯಾಹ್ನ. ಬಿಸಿಲಿಗೆ ಓಣಿಯಲ್ಲಿ ನರಪಿಳ್ಳೆ ಇಲ್ಲ. ನೀಲಗಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೊಸ್ತಿಲ ಹೊರಗೆ ಒಂದು ಕೆಮ್ಮು ಕೇಳಿಸಿತು. ಒಣ ಕೆಮ್ಮು. ಮೊರ ಅವಳ ಕೈಯಿಂದ ಬಿತ್ತು. ಚೆಲ್ಲಿದ ಕಾಳಿಗೆ ಓಡಿಬರಬೇಕಿದ್ದ ಕೋಳಿ, ತನ್ನ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡು ಬಾಗಿಲ ಕಡೆಗೇ ನೋಡುತ್ತ ಕುಳಿತಿತ್ತು. ಬಾಗಿಲು ತೆರೆದೇ ಇತ್ತು. ಅಲ್ಲಿ ಬಿಸಿಲಿನ ಹೊರತು ಏನೂ ಇರಲಿಲ್ಲ.

“ಅತ್ತೀ, ಯಾರರ ಬಂದ್ರೇನು?”

“ಯಾರೂ ಇಲ್ಲಲ್ಲ.”

ಮರುದಿನವೂ ಕೆಮ್ಮು ಬಂತು. ಅದರ ಮರುದಿನವೂ ಬಂತು. ಬಾಳವ್ವ ಹೊಸ್ತಿಲಿಗೆ ವಿಭೂತಿ ಬಳಿದಳು, ಬೇವಿನ ಸೊಪ್ಪು ಕಟ್ಟಿದಳು, ನಿಂಬೆಹಣ್ಣು ಇಳಿಸಿ ಮೂರುದಾರಿಯಲ್ಲಿ ಒಗೆದು ಬಂದಳು. ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಬಾಳವ್ವನೇ, “ನಿನ್ನ ಮನಸಿಗೆ ಹಂಗ ಅನಸ್ತೈತಿ, ಸುಮ್ಮನಿರು” ಎಂದಳು. ಮನಸ್ಸಿಗೆ ಅನಿಸುವುದನ್ನು ಬಿಟ್ಟು ಓಡಿಹೋಗುವುದು ಎಲ್ಲಿಗೆ? ನೀವೇ ಹೇಳಿ.

ಆ ಊರಿನಲ್ಲಿ ಕೆಮ್ಮು ಕೇಳಿಸದ ಜಾಗ ಒಂದೇ ಇತ್ತು, ಹಿಟ್ಟಿನ ಗಿರಣಿ. ಗಿರಣಿ ತಿರುಗುವಾಗ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ನೀಲಗಂಗವ್ವ ಮಧ್ಯಾಹ್ನವಾದರೆ ಬೊಗಸೆ ಜೋಳವನ್ನಾದರೂ ಬುಟ್ಟಿಗೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಬೀಸಿದ ಮೇಲೂ ಎದ್ದು ಬರುತ್ತಿರಲಿಲ್ಲ. ಗಿರಣಿಯ ಮುರಿಗೆಪ್ಪ ಹೆಂಡತಿಯನ್ನು ಕಳೆದುಕೊಂಡ ಒಂಟಿ ಮನುಷ್ಯ. ಹುಬ್ಬು, ಮೀಸೆ ಎಲ್ಲ ಸದಾ ಹಿಟ್ಟು. ಇಷ್ಟು ಜೋಳಕ್ಕೆ ದಿನಾ ಯಾಕೆ ಬರುತ್ತೀ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಗೋಡೆಯ ಪಕ್ಕ ಒಂದು ಖಾಲಿ ಚೀಲ ಮಡಚಿ ಹಾಸಿಟ್ಟ, ಅಷ್ಟೇ. ಅವಳು ಅದರ ಮೇಲೆ ಕೂರತೊಡಗಿದಳು. ಬರಬರುತ್ತ ಎರಡು ಮಾತಾದವು. ಆಮೇಲೆ ನಾಲ್ಕಾದವು. ಒಂದು ದಿನ ಅವನ ಸೀನಿಗೆ ಹಿಟ್ಟೆಲ್ಲ ಹಾರಿ ಮುಖಕ್ಕೇ ಬಡಿದಾಗ ಅವಳು ನಕ್ಕಳು. ನಕ್ಕು, ತಾನು ನಕ್ಕೆನೆಂದು ತಿಳಿದು, ಬಾಗಿಲ ಕಡೆ ನೋಡಿದಳು.

ಮುರಿಗೆಪ್ಪ ಬಾಳವ್ವನ ಮನೆಗೆ ಬಂದು ಉಡಿಕೆಯ ಮಾತೆತ್ತಿದ. ಗಂಡ ಸತ್ತವಳಿಗೆ ಮತ್ತೊಂದು ಮದುವೆ, ಅದು ನಮ್ಮ ಸೀಮೆಯಲ್ಲಿ ಹೊಸದಲ್ಲ. ಬಾಳವ್ವ ಒಪ್ಪಿದಳು. ನೀಲಗಂಗವ್ವ ಕಂಬದ ಮರೆಯಿಂದ ಹೇಳಿದಳು:

“ಬ್ಯಾಡ್ರಿ. ನಾ ಬಂದ್ರ ಒಬ್ಬಾಕೀನ ಬರಂಗಿಲ್ಲ. ನನ್ನ ಹಿಂದ ಇನ್ನೊಬ್ರು ಬರ್ತಾರ.”

ಮುರಿಗೆಪ್ಪನಿಗೆ ಅರ್ಥವಾಗಲಿಲ್ಲ. “ಆತು ಬಿಡ್ರಿ. ಗಿರಣಿಗೆ ಬರೂದ ಮಾತ್ರ ಬಿಡಬ್ಯಾಡ್ರಿ” ಎಂದು ಎದ್ದು ಹೋದ.

ಅವಳು ಹೋಗುವುದನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಗಿರಣಿಯಲ್ಲಿ ಹಿಟ್ಟಿಗಾಗಿ ಕಾಯುತ್ತ ಆರೇಳು ಹೆಂಗಸರು ಕುಳಿತಿದ್ದರು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಕಲ್ಲು ತಿರುಗಿಸುವ ಪಟ್ಟಾ ಸುತ್ತಿ ಸುತ್ತಿ ನಿಂತಿತು, ಕಲ್ಲು ನಿಂತಿತು. ಕಿವಿ ತುಂಬಿದ್ದ ಸದ್ದು ಒಮ್ಮೆಲೇ ಬರಿದಾಯಿತು.

ಆ ಬರಿದಿನಲ್ಲಿ, ಬಾಗಿಲ ಹತ್ತಿರ, ಒಂದು ಒಣ ಕೆಮ್ಮು.

ನೀಲಗಂಗವ್ವ ಎದ್ದು ಗೋಡೆಗೆ ಒತ್ತಿಕೊಂಡಳು. ಬುಟ್ಟಿ ಉರುಳಿತು. “ತಪ್ಪಾತ್ರೀ… ತಪ್ಪಾತ್ರೀ…” ಎಂದು ಬಾಗಿಲಿಗೆ ಕೈಮುಗಿಯತೊಡಗಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಮುರಿಗೆಪ್ಪ ಬಾಗಿಲ ಕಡೆ ತಿರುಗಿದ. ತಿರುಗಿದವನು ಹಾಗೇ ನಿಂತ.

ಗಿರಣಿಯ ಗಾಳಿಯಲ್ಲಿ ಯಾವಾಗಲೂ ಹಿಟ್ಟಿನ ಧೂಳು ತೇಲುತ್ತಿರುತ್ತದೆ. ಬಾಗಿಲಿನಿಂದ ಬಂದ ಬಿಸಿಲಿನಲ್ಲಿ ಅದು ಮಿಣಮಿಣ ಹೊಳೆಯುತ್ತಿತ್ತು. ಆದರೆ ಹೊಸ್ತಿಲ ನಡುವೆ ಒಂದು ಕಡೆ ಧೂಳೇ ಇರಲಿಲ್ಲ. ಒಬ್ಬ ಆಳು ನಿಲ್ಲುವಷ್ಟು ಜಾಗ. ಹೆಗಲು ಇರಬೇಕಾದಲ್ಲಿ ಅಗಲ, ಮೇಲೆ ತಲೆಯಷ್ಟು ಗುಂಡಗೆ. ಸುತ್ತಲೂ ಧೂಳು ತೇಲುತ್ತಿದೆ. ಅದರೊಳಕ್ಕೆ ಮಾತ್ರ ಒಂದು ಕಣವೂ ಹೋಗುತ್ತಿಲ್ಲ.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಓಡುತ್ತಿದ್ದಿರಿ. ಇಲ್ಲವೇ ಕೋಲು ಹಿಡಿಯುತ್ತಿದ್ದಿರಿ. ಮುರಿಗೆಪ್ಪ ಎರಡನ್ನೂ ಮಾಡಲಿಲ್ಲ. ಅವಳಿಂದ ಒಂದು ಮೊಳ ದೂರದಲ್ಲಿ ಬಂದು ನಿಂತ. ಮೈ ಮುಟ್ಟಲಿಲ್ಲ.

“ನೀಲಗಂಗವ್ವ,” ಎಂದ, “ನನಗೂ ಕಾಣಸಾಕತ್ತೇತ್ರಿ.”

ಎಷ್ಟು ಸಣ್ಣ ಮಾತು! ಆದರೆ ಗಂಡನ ಮನೆಗೆ ಕಾಲಿಟ್ಟಂದಿನಿಂದ ಅವಳ ದುಃಖವನ್ನು ಕಂಡು, ಕಂಡೆ ಎಂದು ಹೇಳಿದವರು ಒಬ್ಬರೂ ಇರಲಿಲ್ಲ. ಅವಳ ಮುಗಿದ ಕೈಗಳು ಸಡಿಲಾದವು.

“ಓಡಸ್ರೀ ಅವರನ್ನ” ಎಂದಳು.

“ನಾ ಹೇಳಿದ್ರ ಹೋಗಾಂವಲ್ಲ ಅಂವ. ನನಗ ಅವನ ಗುರ್ತ ಇಲ್ಲ. ನೀವ ಹೇಳ್ರಿ. ನಾ ಇಲ್ಲೇ ನಿಂತೀನಿ.”

ನೀಲಗಂಗವ್ವ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅಂಗೈ ಬಿಚ್ಚಿ ಆ ಬರಿದಾದ ಜಾಗಕ್ಕೆ ತೋರಿಸಿದಳು.

“ಇದು ಹಂಚು ತಾಗಿದ್ದಲ್ಲ. ನೀವು ಸುಟ್ಟಿದ್ದು. ಊರಿಗೆಲ್ಲ ಸುಳ್ಳ ಹೇಳಿನಿ, ಇನ್ನ ಹೇಳಂಗಿಲ್ಲ. ನಂದೇನೂ ತಪ್ಪಿದ್ದಿಲ್ಲ. ಒಂದ್ ದಿನಾನೂ ತಪ್ಪಿದ್ದಿಲ್ಲ!”

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಆಕೆಗೆ ಏನು ನೆನಪಾಯಿತೋ ಯಾರು ಬಲ್ಲರು? ಧೂಳು ಮೆಲ್ಲಗೆ, ತೀರ ಮೆಲ್ಲಗೆ, ಆ ಖಾಲಿ ಜಾಗದೊಳಕ್ಕೆ ಇಳಿಯಿತು. ಬಾಗಿಲಲ್ಲಿ ಬರೀ ಬಿಸಿಲು ಉಳಿಯಿತು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನಿಮಗೆ ಸಂತೋಷ. ಆದರೆ ಸುಟ್ಟ ಚರ್ಮ ಒಂದು ಮಾತಿಗೆ ಮಾಯುವುದಿಲ್ಲ. ಉಡಿಕೆ ಆಯಿತು. ಅಕ್ಷತೆ ಹಾಕಲು ಬಂದವರು ಕೆಲವೇ ಜನ. ಮುರಿಗೆಪ್ಪ ಓಣಿಯ ತಿರುವಿನಿಂದಲೇ, “ನಾ ಮುರಿಗೆಪ್ಪ ಬರಾಕತ್ತೀನಿ!” ಎಂದು ಕೂಗುತ್ತ ತನ್ನದೇ ಮನೆಗೆ ಬರುತ್ತಿದ್ದ, ಅವಳು ಬೆಚ್ಚಬಾರದೆಂದು. ಊರು ನಕ್ಕಿತು. ಅವನು ಕೂಗುವುದನ್ನು ಬಿಡಲಿಲ್ಲ. ಆಗೊಮ್ಮೆ ಈಗೊಮ್ಮೆ, ಮಧ್ಯಾಹ್ನದಲ್ಲಿ, ರೊಟ್ಟಿ ಬಡಿಯುವ ಅವಳ ಕೈ ನಿಲ್ಲುತ್ತಿತ್ತು.

“ಬಂದಾನೇನು?” ಎಂದು ಮುರಿಗೆಪ್ಪ ಕೇಳುತ್ತಿದ್ದ.

“ಹೂಂ.”

“ನಿಂತಿರ್ಲಿ ಬಿಡು. ನೀ ರೊಟ್ಟಿ ಬಡಿ.”

ಅವಳು ಬಡಿಯುತ್ತಿದ್ದಳು. ಮೊದಲು ಮೆಲ್ಲಗೆ, ಆಮೇಲೆ ಓಣಿಗೆಲ್ಲ ಕೇಳುವಂತೆ. ವರ್ಷಗಳು ಕಳೆದಂತೆ, ಕೊನೆಯ ಸಲ ಆ ಕೆಮ್ಮು ಬಂದದ್ದು ಯಾವಾಗ ಎಂಬುದೇ ಅವಳಿಗೆ ಮರೆತುಹೋಯಿತು.

ತಾಯಂದಿರೇ, ಅಣ್ಣಂದಿರೇ, ಕಥೆ ಇಷ್ಟೇ. ದೆವ್ವ ಉಂಟೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ಸತ್ತವನಿಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ಕೇಳಿ. ಕೂಗು ಕೇಳಿಸಿಯೂ ಕೊಡ ಎತ್ತಿಕೊಂಡು ಹೋದರಲ್ಲ, ಅವರು ಕೊಟ್ಟ ಬಲ ಅದು. ಅವನ ಗೋಧಿ ಉಂಡು ಸುಮ್ಮನಿದ್ದ ನಮ್ಮಂಥವರು ಕೊಟ್ಟ ಬಲ ಅದು.

ಗಂಡಸರೇ, ಇವತ್ತು ಮನೆಗೆ ಹೋದಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಿವಿಗೊಡಿ. ನಿಮ್ಮ ಸಪ್ಪಳಕ್ಕೆ ಒಳಗಿನ ನಗು ನಿಲ್ಲುತ್ತದೆಯೇ? ನಿಂತರೆ ತಿಳಿಯಿರಿ, ನೀವು ಉಸಿರಾಡುತ್ತಿರುವಾಗಲೇ ದೆವ್ವ ಆಗಿದ್ದೀರಿ. ಸುಮ್ಮನೆ ಒಳಗೆ ಹೋಗಿ, ತಪ್ಪು ನನ್ನದು ಎಂದು ನೀವು ಹೇಳಿ. ಹೇಳಿ ಆ ಕೈಯನ್ನು ಮತ್ತೆ ಎತ್ತಬೇಡಿ.

ತಾಯಂದಿರೇ, ಹೊಡೆತ ತಿನ್ನುವುದು ಪತಿಸೇವೆಯಲ್ಲ. ಅವನು ಸಾಯುವ ತನಕ ಕಾಯುತ್ತ ಕೂರಬೇಡಿ. ನೀಲಗಂಗವ್ವ ಕಾದದ್ದೇ ಅವಳ ದುಃಖ. ಎದ್ದು ಬನ್ನಿ, ಬಾಯಿಬಿಟ್ಟು ಹೇಳಿ. ಪಕ್ಕದ ಮನೆಯಲ್ಲಿ ಕೂಗು ಕೇಳಿದರೆ ಹೋಗಿ ಬಾಗಿಲು ತಟ್ಟಿ. ಮಗಳು ಗಂಟು ಹೊತ್ತು ತವರಿಗೆ ಬಂದರೆ, ತಿರುಗಿ ಯಾವಾಗ ಹೋಗುತ್ತೀ ಎಂದು ಕೇಳಬೇಡಿ. ಕೈಕಾಲಿಗೆ ನೀರು ಕೊಡಿ, ಉಣ್ಣಲು ಬಡಿಸಿ, ಅವಳು ಹೇಳಿದ್ದನ್ನು ನಂಬಿ. ಮುಂದೆ ಅವಳು ಇನ್ನೊಬ್ಬನ ಜೊತೆ ಬಾಳುತ್ತೇನೆ ಎಂದರೆ ಮೂಗು ಮುರಿಯದೆ, ಕೈ ತುಂಬ ಅಕ್ಷತೆ ಹಿಡಿದು, ಎಲ್ಲರಿಗಿಂತ ಮೊದಲು ನೀವು ಹೋಗಿ ನಿಲ್ಲಿ.