ಹಿಲ್ಕೆಯವರ ಸೈಕಲ್ಲೂ ಪಕ್ಕಕ್ಕೆ ಸರಿದ ಶಿಖರವೂ

ಮಾನ್ಯ ಅಧ್ಯಕ್ಷರೇ, ರೈಲು ಹತ್ತಿ ಬಂದಿರುವ ಹಳೆಯ ವಿದ್ಯಾರ್ಥಿಗಳೇ, ಕಾಫಿ ಬಂತೇ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ನಮ್ಮ ಹಿಲ್ಕೆ ವೀರ್ದಾ ಅವರು ಮುಂದಿನ ವಾರ ನಮ್ಮ ಡೆಲ್ಫ್ಟ್ ಊರು ಬಿಟ್ಟು ದ್ವೀಪವೊಂದಕ್ಕೆ ಹೊರಟಿದ್ದಾರೆ. ಅಲ್ಲಿ ಒಬ್ಬರೇ ಇರುತ್ತಾರಂತೆ. ಎಲ್ಲರೂ ಅಭಿನಂದಿಸಿದಿರಿ. ನನಗೆ ಮಾತ್ರ ಇದು ಚೂರೂ ಇಷ್ಟವಿಲ್ಲ. ಇರಲಿ, ಕೆಲಸದ ಬಗ್ಗೆ ಮಾತಾಡೋಣ.

ಒಂದೇ ಪ್ರಯೋಗಾಲಯದಲ್ಲಿ ಇಷ್ಟು ವರ್ಷ ನಾವಿಬ್ಬರೂ ಮಾಡಿದ್ದಾದರೂ ಏನು? ಕೂದಲಿನ ದಪ್ಪಕ್ಕಿಂತ ಚಿಕ್ಕ ಕೋಣೆಯಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿದೆವು. ಅಲ್ಲಿ ಗೋಡೆ ಬಿಟ್ಟರೆ ಅವುಗಳಿಗೆ ಬೇರೆ ಅಡ್ಡಿಯಿಲ್ಲ. ಎಲೆಕ್ಟ್ರಾನು ಅಲೆಯೂ ಹೌದಲ್ಲ, ಒಂದೇ ಸುತ್ತನ್ನು ಎಡದಿಂದಲೂ ಬಲದಿಂದಲೂ ಹಾಕಿ, ಹೊರಟ ಬಾಗಿಲಲ್ಲೇ ತನ್ನನ್ನು ತಾನು ಸಂಧಿಸುತ್ತದೆ. ಆಗ ಅದು ಆಚೆ ದಾಟದೆ ಹಿಂದಿರುಗುವ ಸಾಧ್ಯತೆ ಹೆಚ್ಚುತ್ತದೆ, ವಿದ್ಯುತ್ತಿಗೆ ರೋಧ ಏರುತ್ತದೆ. ಆಯಸ್ಕಾಂತದ ಬಲ ಸ್ವಲ್ಪ ತಾಗಿದರೂ ಆ ಭೇಟಿ ಕೆಡುತ್ತದೆ. ಹಾಗಾಗಿ ರೋಧ ಅಳೆದು ಬರೆದ ನಮ್ಮ ನಕ್ಷೆಯ ಶಿಖರ ಆ ಬಲ ಸೊನ್ನೆ ಇರುವಲ್ಲೇ ಬರಬೇಕು.

ನಮ್ಮದು ಪಕ್ಕಕ್ಕೆ ಸರಿದು ಬಂತು. ಹಿಲ್ಕೆ ಕುಣಿದರು. “ಮಾರ್ಗ್ರಿಟ್, ನಿಯಮಾನೇ ಮುರೀತಾ ಇದೆ ಕಣೇ. ಇವತ್ತೇ ಪೇಪರ್ ಕಳಿಸಿಬಿಡೋಣ.”

“ಮೊದ್ಲು ಆ ಸೈಕಲ್ ಹೊರಗೆ ಹಾಕು ಮಾರಾಯ,” ಎಂದೆ ನಾನು.

“ಹೊರಗಿಟ್ರೆ ಕದೀತಾರೆ. ಈ ವರ್ಷ ಕಳುವಾದ ಸೈಕಲ್ಲುಗಳು ಸಾಲದಾ?”

ಅವರು ಆ ಕಬ್ಬಿಣದ ಸೈಕಲ್ಲನ್ನು ತಂದು ಒರಗಿಸುತ್ತಿದ್ದದ್ದು ನಮ್ಮ ಪ್ರಯೋಗವನ್ನು ತಣ್ಣಗಿಡುವ ಹೀಲಿಯಂ ಪಾತ್ರೆಗೇ.

“ಆ ಕಬ್ಬಿಣಕ್ಕೂ ಆಯಸ್ಕಾಂತದ ಬಲ ಇದೆ, ನೀನು ಸೈಕಲಲ್ಲಿ ಬಂದ ದಿನ ಶಿಖರ ಸರಿಯುತ್ತೆ. ಟ್ರಾಮಲ್ಲಿ ಬಂದ ದಿನ ಸೊನ್ನೇಲೇ ಕೂತಿರುತ್ತೆ. ಬೇಕಾದ್ರೆ ಪರೀಕ್ಷೆ ಮಾಡು.”

ಸೈಕಲ್ ಹೊರಗೆ ಹೋಯಿತು, ಶಿಖರ ಸೊನ್ನೆಗೆ ಬಂತು, ಇವರ ಮುಖ ಸಪ್ಪಗಾಯಿತು. ಆದರೆ ಇಷ್ಟು ಬುದ್ಧಿವಂತ ಮನುಷ್ಯ ಒಂದು ಪ್ರಶ್ನೆ ಕೇಳಲೇ ಇಲ್ಲ. ಸೈಕಲ್ ತರದ ದಿನ ತಾನು ಬಂದದ್ದು ಟ್ರಾಮಿನಲ್ಲೇ ಎಂದು ಇವಳಿಗೆ ಹೇಗೆ ಗೊತ್ತು? ಸಭಿಕರೇ, ನನ್ನ ಮೇಜು ರಸ್ತೆ ಕಾಣುವ ಕಿಟಕಿಯ ಪಕ್ಕದಲ್ಲಿತ್ತು. ಅಂದರೆ, ನಾನೇ ಅಲ್ಲಿಗೆ ಸರಿಸಿಕೊಂಡಿದ್ದೆ.

ಯಾಕೆ ನಗುತ್ತೀರಿ? ಇದು ಭಾಷಣದಲ್ಲಿ ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಬಂದದ್ದು ಪೂರ್ತಿ ಬರಲಿ. ಹಿಲ್ಕೆ, ನೀನೆಂದರೆ ನನಗೆ ಪ್ರಾಣ. ನಾವಿಬ್ಬರೂ ಒಂಟಿಗಳು, ಯಾರ ಅಪ್ಪಣೆಯೂ ಬೇಕಾಗಿಲ್ಲ. ಆ ದ್ವೀಪಕ್ಕೆ ನಾನೂ ಬರಲೇನು?

ನೋಡಿ, ಹಿಲ್ಕೆ ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ಮತ್ತೆ ಹಾಕಿಕೊಂಡರು. ಹೌದೆಂದು ತಲೆಯಾಡಿಸಿದರು. ಅಧ್ಯಕ್ಷರೇ, ನೀವೂ ನೋಡಿದಿರಲ್ಲ?

ಹಾಗಿದ್ದರೆ ಒಂದು ಹೂಗುಚ್ಛ ಸಾಲದು, ಇನ್ನೊಂದು ತರಿಸಿ. ಇವತ್ತು ಬೀಳ್ಕೊಡಬೇಕಾದವರು ಇಬ್ಬರು. ಕಾಫಿ ತಡವಾದರೂ ಕೂತು ಕೇಳಿದ ನಿಮಗೆಲ್ಲ ಧನ್ಯವಾದ, ನಮ್ಮಿಬ್ಬರ ನಮಸ್ಕಾರ.