ಗಡಿಯಿಲ್ಲದ ತಗ್ಗಿಗೆ ಬಂದ ತಾಯಿ

ಮೊದಲು ಶಿವನಿಗೆ ಕೈಮುಗಿದೆ. ಆಮೇಲೆ ನಮ್ಮನ್ನು ಹೊತ್ತ ಭೂಮ್ತಾಯಿಗೆ. ಆಮೇಲೆ ಕಿವಿಗೊಟ್ಟು ಕೂತ ನಿಮ್ಮೊಳಗಿನ ದೇವರಿಗೆ. ಕೇಳಿ.

ಯಾವುದೋ ಕಾಲ, ಯಾವುದೋ ಸೀಮೆ. ಆ ಗುಡ್ಡದ ಮೇಲೆ ಮೂಡಲೂರು, ಈ ಗುಡ್ಡದ ಮೇಲೆ ಪಡುವಲೂರು. ನಡುವಿನ ತಗ್ಗಿನಲ್ಲಿ ಒಂದು ಹಳ್ಳ, ಹಳ್ಳದ ದಂಡೆಗೆ ಬಿದಿರುಮೆಳೆ, ಮೆಳೆಯ ಪಕ್ಕ ಏಳು ಗುಡಿಸಲು. ಬಿದಿರು ಕಂಡು ನೆಲೆನಿಂತ ಬುಟ್ಟಿ ಹೆಣೆಯುವವರು. ನಾಲ್ಕು ತಲೆಮಾರು ಹೆಣೆದರೂ ಆ ಜಾಗಕ್ಕೊಂದು ಹೆಸರಿಲ್ಲ, ಗಡಿಕಲ್ಲಿಲ್ಲ. ಎರಡೂ ಊರಿನವರು ಬರೀ ‘ತಗ್ಗು’ ಅಂತಿದ್ದರು. ಬುಟ್ಟಿ ಬೇಕು, ಬುಟ್ಟಿಯವರು ಬೇಡ!

ಒಂದು ಬೇಸಿಗೆ ಮೂಡಲೂರಿಗೆ ಸಿಡುಬು ಬಂತು. ಸಿಡುಬು ಬಂದರೆ ಮಾರವ್ವ ಬಂದಳು ಅಂತಲೇ ಲೆಕ್ಕ. ಆ ಸೀಮೆಯ ಪದ್ಧತಿ ಏನು? ಮಾರವ್ವನ ಮರದ ಗೊಂಬೆಯನ್ನು ಮೊರದಲ್ಲಿಟ್ಟು, ಬೇವು ಹೊದಿಸಿ, ಊರ ಗಡಿ ದಾಟಿಸೋದು. ಆಚೆಯವರು ತಮ್ಮ ಗಡಿ ದಾಟಿಸಬೇಕು. ಮೂಡಲೂರ ಗೌಡ ಮೊರ ತಂದು ತಗ್ಗಿನಲ್ಲಿ ಇಳಿಸಿದ. ತಿರುಗಿ ನೋಡದೆ ಹೋದ. ಕೆಲವೇ ದಿನಕ್ಕೆ ತಗ್ಗಿನ ಹಿರಿಯಳು ದ್ಯಾವಜ್ಜಿಯ ಸೊಸೆ ನಿಂಗಿಗೆ ಮೈಯೆಲ್ಲ ಬೊಕ್ಕೆ.

ತಗ್ಗಿನವರು ಮೊರ ಹೊತ್ತು ಪಡುವಲೂರಿಗೆ ಹೋದರು. “ಅಲ್ಲೇ ನಿಲ್ರಪ್ಪ! ಇದು ನಮ್ಮ ಗಡಿ.”

ಮೂಡಲೂರಿಗೆ ಹೋದರು. “ಕಳಿಸಿದ ತಾಯೀನ ವಾಪಸ್ ತರ್ತಾರೇನ್ರೋ? ಇದು ನಮ್ಮ ಗಡಿ.”

ಹಳ್ಳಕ್ಕೆ ಬಿಡೋಣ ಅಂದರೆ ಬೇಸಿಗೆ, ಮೊಣಕಾಲುದ್ದವೂ ನೀರಿಲ್ಲ.

“ಗುಡಿಸಲು ಬಿಟ್ಟು ನಾವೇ ಹೊರಡೋಣ ಅವ್ವಾ,” ಅಂದ ಅಜ್ಜಿಯ ಮಗ ಕರಿಯ.

“ಎಲ್ಲಿಗೋ? ಈ ತಾಯೀನೂ ಯಾರೂ ಒಳಗೆ ಬಿಡಲಿಲ್ಲ, ನಮ್ಮನ್ನೂ ಬಿಡಲಿಲ್ಲ.” ದ್ಯಾವಜ್ಜಿ ಮೊರ ಇಳಿಸಿಕೊಂಡಳು. “ಬಾ ತಾಯಿ, ಅಲೆದು ಹಸಿದಿದ್ದೀಯ. ಒಂದಿಷ್ಟು ಮೊಸರನ್ನ ಉಣ್ಣು.”

ತಾಯಿಗೊಂದು ತುತ್ತು, ಸೊಸೆಗೊಂದು ತುತ್ತು. ತಾಯಿಗೆ ಬೇವಿನ ಗಾಳಿ, ಸೊಸೆಗೂ ಬೇವಿನ ಗಾಳಿ. ಹೀಗೇ ದಿನ ಕಳೆದವು. ಒಂದು ಬೆಳಗ್ಗೆ ನಿಂಗಿ ಎದ್ದು ಕೂತು, “ಅತ್ತೆ, ಗಂಜಿಗೆ ಉಪ್ಪೇ ಹಾಕಿಲ್ವಲ್ಲ!” ಅಂದಳು. ಬೈಗುಳ ಕೇಳಿ ಅತ್ತೆ ಅತ್ತಳು, ಸಂತೋಷಕ್ಕೆ.

ಅತ್ತ ಮೂಡಲೂರಿನಲ್ಲಿ? ಬೇನೆ ಇಳಿಯಲೇ ಇಲ್ಲ. ಅಟ್ಟಿದರೆ ಹೋಗೋದು ನಾಯಿ, ತಾಯಿ ಹೋಗ್ತಾಳೆಯೇ? ಗೌಡನ ಮಗಳೇ ಬೊಕ್ಕೆ ಎದ್ದು ಮಲಗಿದಳು. ತಗ್ಗಿನಲ್ಲಿ ನಿಂಗಿ ಎದ್ದು ಕೂತಳಂತೆ ಅನ್ನೋ ಸುದ್ದಿ ಕೇಳಿ ಗೌಡ ಮೊಸರಿನ ಗಡಿಗೆ ತಲೆ ಮೇಲೆ ಹೊತ್ತು ಗುಡ್ಡ ಇಳಿದು ಬಂದ.

ದ್ಯಾವಜ್ಜಿ ಬುಟ್ಟಿ ಹೆಣೆಯುತ್ತಲೇ ಕೇಳಿದಳು. “ಯಾವ ಕಡೆ ಹೊರಟ್ರಿ ಗೌಡ್ರೆ?”

“ತಾಯಿಗೆ ತಂಪು ಕೊಡೋಕೆ.”

“ಎಲ್ಲಿದ್ದಾಳೆ ತಾಯಿ?”

ಗೌಡನ ತಲೆ ಮೇಲಿನ ಗಡಿಗೆ ಅಲುಗಿತು. “ನಿಮ್ಮ... ನಿಮ್ಮೂರಲ್ಲಿ, ಅವ್ವಾ.”

ಕೇಳಿದಿರಾ? ನಾಲ್ಕು ತಲೆಮಾರಿನಲ್ಲಿ ಮೊದಲ ಸಲ ಆ ತಗ್ಗು ಊರಾಯಿತು. ಅಜ್ಜಿ ಎದ್ದು ಗಡಿಗೆಗೆ ಕೈ ಕೊಟ್ಟಳು. “ಹಂಗಾದ್ರೆ ನಮ್ಮೂರಿಗೆ ಬಾಪ್ಪ. ಮಗಳಿಗೂ ಪ್ರಸಾದ ಒಯ್ಯುವಿಯಂತೆ.”

ಆ ಮಗಳನ್ನೂ ತಾಯಿ ಕಾದಳು. ಕೇಳಿದ ನಿಮ್ಮನ್ನೂ ಕಾಯಲಿ. ನಿಮ್ಮ ಒಲೆ ಬೆಚ್ಚಗಿರಲಿ, ಮಕ್ಕಳ ಮೈ ತಣ್ಣಗಿರಲಿ, ಬಂದವರಿಗೆ ನಿಮ್ಮ ಬಾಗಿಲು ತೆರೆದಿರಲಿ.